ಮೂರನೆಯ ಕೆರೆಯ ಏರಿ

ತಮಿಳು ಸೀಮೆಯ ತೊಂಡಾಮುತ್ತೂರು, ೧೯೮೬. ಬಾಡಿಗೆ ಸೈಕಲ್ಲಿನಿಂದ ಇಳಿಯದೆಯೇ ಎರಡು ಕೆರೆಗಳ ಏರಿ ಹತ್ತಿದ್ದ ನನ್ನ ಸೊಕ್ಕನ್ನು ಮೂರನೆಯದು ಮುರಿಯಿತು. ಮೇಲೆ ಹಳೆಯ ಕಲ್ಲುಮಂಟಪ ಕಾಣುತ್ತಿತ್ತು. ಹಿಂದಿನ ಚಕ್ರ ಮಾತ್ರ ಸಡಿಲ ಮಣ್ಣಿನಲ್ಲಿ ಸುಮ್ಮನೆ ಸುತ್ತುತ್ತಿತ್ತು. ಎರಡು ಸಲ ಜಾರಿದೆ. ಸೈಕಲ್ಲಿಗೆ ಕನ್ನಡದಲ್ಲೇ ಬೈದೆ. ಅಲ್ಲೇ ಹುಲ್ಲು ಕೊಯ್ಯುತ್ತಿದ್ದ ಹಿರಿಯ ಹೆಂಗಸಿನಿಂದ ಉತ್ತರವೂ ಕನ್ನಡದಲ್ಲೇ ಬಂತು.

"ವಂಡಿ ಹಿಂದೆ ಭಾರ ಇಲ್ಲ ತಂಬಿ, ಅದ್ಕೇ ಜಾರ್ತದೆ. ನಾ ಕೂತ್ಕೊತೀನಿ, ತುಳಿ!"

ಕುಡುಗೋಲು ಹಿಡಿದೇ ಕ್ಯಾರಿಯರ್ ಮೇಲೆ ಕೂತುಬಿಟ್ಟರು. ಚಕ್ರ ಮಣ್ಣು ಕಚ್ಚಿತು. ಹಲ್ಲು ಕಚ್ಚಿ ತುಳಿದೆ. ಮುಂದಿನ ಚಕ್ರ ಮಂಟಪದ ಕಂಬಕ್ಕೆ ತಾಗಿದ ಮೇಲೆಯೇ ನಿಲ್ಲಿಸಿದ್ದು.

"ಗೆದ್ದೆ ಅಮ್ಮಾ!" ಎಂದು ಕೆರೆಗೆಲ್ಲ ಕೇಳುವಂತೆ ಕೂಗಿದೆ.

ಅವರು ಇಳಿದು ಸೆರಗು ಕೊಡವಿಕೊಂಡರು. "ಸರಿ ತಂಬಿ. ಕೆಳಗೆ ನನ್ನ ಹುಲ್ಲುಕಟ್ಟು ಇದೆ. ಅದನ್ನೂ ಗೆದ್ಕೊಂಡು ಬಾ."