ಕಿಷ್ಟಮ್ಮನ ತಡಿ

ಕಿಷ್ಟಮ್ಮನ ಅಪ್ಪ ಕತ್ತೆಗಳ ದರ್ಜಿಯಾಗಿದ್ದ. ನಗಬೇಡಿ. ತೆಲುಗು ನಾಡಿನ ಅಂಚಿನ ಮಕ್ತಲ್ ಸೀಮೆಯಲ್ಲಿ ಒಂದು ಕಾಲಕ್ಕೆ ಅದು ಮರ್ಯಾದೆಯ ಕಸುಬೇ ಆಗಿತ್ತು. ಕುರಿಹಿಂಡು ಹೊಡೆದುಕೊಂಡು ಕೃಷ್ಣೆಯ ದಂಡೆಗೆ ಹೋಗುವವರು ಹಿಟ್ಟು, ಪಾತ್ರೆ, ಬಲೆ, ನಡೆಯಲಾರದ ಮರಿ ಎಲ್ಲವನ್ನೂ ಕತ್ತೆಯ ಮೇಲೆ ಹೇರುತ್ತಿದ್ದರು. ಹೇರಿದ ಭಾರ ಪ್ರಾಣಿಯ ಬೆನ್ನು ಕೊರೆಯದಂತೆ ಕೆಳಗೊಂದು ಉಣ್ಣೆ ತುಂಬಿದ ಮೆತ್ತೆ ಬೇಕು. ಅದಕ್ಕೆ ತಡಿ ಎನ್ನುತ್ತಾರೆ. ಅವನು ಹೊಲಿದ ತಡಿ ಹೊತ್ತ ಕತ್ತೆ ಮದುಮಗಳ ಹಾಗೆ ನಡೆಯುತ್ತದೆ ಎಂದು ದಾಮರಗಿದ್ದದ ಕುರುಬರು ಚೇಷ್ಟೆ ಮಾಡುತ್ತಿದ್ದರು.

ಅಪ್ಪ ಹೊಲಿಯುವಾಗ ಕಿಷ್ಟಮ್ಮ ಉಣ್ಣೆ ಬಿಡಿಸಿ ಕೊಡುತ್ತಿದ್ದಳು. ಅವನು ದಬ್ಬಣ ಚುಚ್ಚುತ್ತಲೇ ಹೇಳುವನು: "ಭಾರ ಬೆನ್ನೆಲಬಿನ ಮ್ಯಾಲ ಬೀಳಬಾರದು ಮಗಳ. ಎರಡೂ ಕಡೆ ದಪ್ಪ, ನಡುವ ಖಾಲಿ. ಆ ಖಾಲಿ ಜಾಗಾನ ಕತ್ತೀನ ಕಾಯತೈತಿ."

ಮುಂದೆ ಕತ್ತೆಗಳ ಜಾಗಕ್ಕೆ ಸಣ್ಣ ಟೆಂಪೋಗಳು ಬಂದವು. ಟೆಂಪೋಗೆ ಬೆನ್ನುನೋವಿಲ್ಲ. ಅಪ್ಪ ತೀರಿಕೊಂಡ. ಗಂಡನನ್ನು ಕಳೆದುಕೊಂಡ ಕಿಷ್ಟಮ್ಮ ತವರಿಗೆ ಬಂದು, ಮಕ್ತಲ್ ಬಸ್ ಸ್ಟ್ಯಾಂಡಿನ ಗೋಡೆಗೆ ತಗಡು ಇಳಿಸಿ ಒಂದು ಹೊಲಿಗೆ ಯಂತ್ರ ಇಟ್ಟಳು. ಶಾಲೆಯ ಚೀಲಕ್ಕೆ ಜಿಪ್ಪು ಹಾಕುವುದು, ಹರಿದ ಪಟ್ಟಿ ಹೊಲಿಯುವುದು, ಇಷ್ಟೇ ಕೆಲಸ.

ಒಂದು ದಿನ ತಾಯಪ್ಪ ಎಂಬ ಕುರಿಗಾರ ಬಂದು ಅವಳ ಮುಂದೆ ತನ್ನ ಮೊಬೈಲು ಹಿಡಿದ. ಗಾಜು ಜೇಡರ ಬಲೆಯಾಗಿತ್ತು.

"ಯಕ್ಕಾ, ಮತ್ತ ಒಡೀತು ನೋಡು. ನಾನು ಕುರಿಗೆ ಒದೀಲೋ, ಕಲ್ಲಿಗೆ ಒದೀಲೋ?"

"ನಿನಗ ನೀನ ಒದಕೋ. ಕಂಬಳಿ ಕೊಪ್ಪಿ ಹಾಕ್ಕೊಂಡು ಬಗ್ಗಿದ್ರ ಎದಿ ಕಿಸೇದಾಗಿಂದು ಬೀಳದ ಹಾರತೈತೇನು?"

"ಬೈಬ್ಯಾಡ. ಬೀಳಲಿ ಬಿಡು, ಬಿದ್ರೂ ಒಡೀಬಾರದು. ಅಂಥಾದೊಂದು ಚೀಲ ಹೊಲಿ."

ಹೊಲಿಯುವುದೇನು ದೊಡ್ಡದಲ್ಲ. ಬಸ್ ಸ್ಟ್ಯಾಂಡಿನ ತುಂಬ ಮೊಬೈಲ್ ಚೀಲಗಳೇ ನೇತಾಡುತ್ತಿದ್ದವು. ಕಿಷ್ಟಮ್ಮ ಅಂಥದೊಂದನ್ನು ತಂದು ಬಿಚ್ಚಿ ನೋಡಿದಳು. ಒಳಗೆಲ್ಲ ಒಂದೇ ಸಮ ಸ್ಪಂಜು. ಮೇಲಿನಿಂದ ಒತ್ತಿದರೆ ಸ್ಪಂಜು ಗಾಜನ್ನು ಒತ್ತುತ್ತದೆ. ಆಗ ಅವಳಿಗೆ ಅಪ್ಪನ ಕತ್ತೆ ಕಣ್ಣ ಮುಂದೆ ಬಂದು ನಿಂತಿತು. ಮೊಬೈಲಿಗೆ ಗಾಜೇ ಬೆನ್ನೆಲುಬು. ಅವಳು ನಾಲ್ಕೂ ಅಂಚಿಗೆ ಉಣ್ಣೆ ಗಟ್ಟಿಯಾಗಿ ತುರುಕಿ ದಪ್ಪ ಮಾಡಿದಳು. ಮೂಲೆಗಳಿಗೆ ಇನ್ನೊಂದು ಪದರು ಕೊಟ್ಟಳು. ನಡುವೆ ಖಾಲಿ ಬಿಟ್ಟು, ಬಣ್ಣದ ಡಬ್ಬಿಯಿಂದ ಕತ್ತರಿಸಿದ ಪ್ಲಾಸ್ಟಿಕ್ ಹಾಳೆಯನ್ನು ಸೇತುವೆಯ ಹಾಗೆ ಮೇಲೆ ಕೂರಿಸಿದಳು. ಭಾರ ಅಂಚಿಗೆ ಹೋಗುತ್ತಿತ್ತು, ಗಾಜಿಗೆ ತಾಗುತ್ತಿರಲಿಲ್ಲ.

ಮಾಡಿದ್ದು ಸರಿಯೋ ಎಂದು ನೋಡಲು ಫೋಟೋ ಕಟ್ಟಿನ ಅಂಗಡಿಯಿಂದ ಗಾಜಿನ ತುಂಡು ತಂದು, ಚೀಲದಲ್ಲಿಟ್ಟು, ನೀರಿನ ಟ್ಯಾಂಕಿನ ಮೆಟ್ಟಿಲ ಮೇಲಿಂದ ಬಿಡುತ್ತಿದ್ದಳು. ಚಹಾ ಅಂಗಡಿಯವರಿಗೆ ಅದೊಂದು ತಮಾಷೆ.

"ಕಿಷ್ಟಕ್ಕಾ, ಗಾಜು ಒಡಿಯೋದ ಧಂದೆ ಮಾಡೀಯೇನು?"

"ಹೌದೋ. ಮುಂದಿನ ಸಲ ನಿನ್ನ ಗಲಾಸು ಒಡಿತೀನಿ, ತಡಿ."

ಮೊದಮೊದಲು ಒಡೆದವು. ಆಮೇಲೆ ಒಡೆಯುವುದು ನಿಂತಿತು. ತಾಯಪ್ಪ ತನ್ನ ಚೀಲವನ್ನು ಕೊರಳಿಗೆ ಹಾಕಿಕೊಂಡು ಹೋದ. ಹಿಂದೆಯೇ ಇನ್ನಷ್ಟು ಕುರಿಗಾರರು ಬಂದರು. ಒಳಗಿನ ಮೆತ್ತೆಗೆ ಅವಳು ಇಟ್ಟ ಹೆಸರು ಬೇರೆ ಯಾವುದೂ ಅಲ್ಲ, ಅಪ್ಪ ಕರೆಯುತ್ತಿದ್ದ ಹೆಸರೇ. ತಡಿ.

ತಡಿಗೆ ಬೇಕಾದ ಉಣ್ಣೆಪಟ್ಟಿ ನೇಯುತ್ತಿದ್ದವನು ಅವಳ ತಮ್ಮ ಆಶಪ್ಪ. ಮನೆಯ ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು ಕಂಬಳಿ ನೇಯುವ ಮಗ್ಗ ಅವನದು. ಕಂಬಳಿ ಕೇಳುವವರು ಕಡಿಮೆಯಾಗಿ, ಕತ್ತರಿಸಿದ ಉಣ್ಣೆಯನ್ನು ಜನ ಜಾಲಿಮುಳ್ಳಿನ ಮೇಲೆ ಎಸೆದು ಹೋಗುತ್ತಿದ್ದ ಕಾಲವದು. ಜಿಡ್ಡು ತೊಳೆಯದ ಉಣ್ಣೆಗೆ ನೀರು ಹತ್ತುವುದಿಲ್ಲ. ಆಶಪ್ಪ ಆ ಜಿಡ್ಡು ಹೋಗದಂತೆ ಬಿಗಿಯಾಗಿ ನೇದು ಕೊಡುತ್ತಿದ್ದ. ಅಕ್ಕನ ಚೀಲಗಳು ಬರುವ ಮುನ್ನ ಅವನು ಮಗ್ಗದಲ್ಲಿ ಸುಮ್ಮನೆ ಕೂತೇ ಇರುತ್ತಿದ್ದುದುಂಟು, ಕಾಲು ಕುಣಿಯಲ್ಲಿ, ಕೈ ತೊಡೆಯ ಮೇಲೆ.

ಚೀಲಗಳು ಬಂದ ಮೇಲೂ ಅವುಗಳ ಕಾಸು ಮನೆಗೆ ಸಾಲುತ್ತಿರಲಿಲ್ಲ. ಅವನ ಹೆಂಡತಿ ಶಂಕ್ರಮ್ಮ ಇದನ್ನು ನೋಡಿ ನೋಡಿ ಬೇಸತ್ತಿದ್ದಳು. ಅವಳ ಅಣ್ಣ ಹೈದರಾಬಾದಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಭಾವನಿಗೆ ವಾಚ್‌ಮನ್ ಕೆಲಸ ಹುಡುಕಿದ್ದ.

"ಯಕ್ಕಾ, ನೀ ಸಿಟ್ಟಾಗಬ್ಯಾಡ," ಎಂದಳು ಒಂದು ಸಂಜೆ. "ಬದುಕಿದ ಮನಷಾ ದಿನಾ ಕುಣ್ಯಾಗ ಕುಂತ್ರ ನೋಡಾಕ ಚಂದ ಇರತೈತೇನು? ಕುಣಿ ಮುಚ್ಚಿ ನೆಲ ಮಾಡಿದ್ರ ಎರಡು ಚಾಪಿ ಹಾಸಾಕರ ಆಗತೈತಿ."

ಕಿಷ್ಟಮ್ಮನಿಗೆ ಉಳಿದವನು ತಮ್ಮನೊಬ್ಬ. ಅವನು ಗೇಟಿನ ಮುಂದೆ ಕುರ್ಚಿ ಹಾಕಿಕೊಂಡು ಕಾರುಗಳಿಗೆ ಸಲಾಮು ಹೊಡೆಯುವುದನ್ನು ನೆನೆಸಿಕೊಳ್ಳಲೂ ಅವಳಿಂದಾಗಲಿಲ್ಲ.

ಅದೇ ಹೊತ್ತಿಗೆ ರಜಿನಿ ಬಂದಳು. ಕೆ.ಟಿ. ದೊಡ್ಡಿಯ ಹುಡುಗಿ, ಗದ್ವಾಲದಲ್ಲಿ ಹತ್ತಿಬೀಜದ ಕಂಪನಿಯೊಂದರ ಆಫೀಸಿನಲ್ಲಿ ಕೆಲಸ. ಮಾವನ ಊರಿಗೆ ಬಂದಾಗ ಕಿಷ್ಟಮ್ಮನ ಹತ್ತಿರ ಮೊಬೈಲ್ ಚೀಲ ಕೊಂಡಿದ್ದಳು. ಈಗ ಬಂದವಳ ಕೈಯಲ್ಲಿ ಒಂದು ಹಳೆಯ ಟ್ಯಾಬು ಇತ್ತು.

"ಯಕ್ಕಾ, ನಮ್ಮ ಹುಡುಗರು ಹೊಲ ಹೊಲ ತಿರುಗಿ ಇದರಾಗ ಲೆಕ್ಕ ಬರೀತಾರ. ಬೈಕಿನ ಮ್ಯಾಲಿಂದ ಬೀಳಸ್ತಾರ, ಒಡೀತಾರ. ಸಾರ್‌ಗೆ ನಿಮ್ಮ ಚೀಲ ತೋರಿಸೀನಿ. ಇದಕ್ಕೊಂದು ಮಾಡಿಕೊಡ್ರಿ. ಮನಸಿಗೆ ಬಂದ್ರ ಎಲ್ಲರಿಗೂ ನಿಮ್ಮ ಹತ್ರಾನ ಮಾಡಸ್ತಾರ."

ಎಲ್ಲರಿಗೂ ಎಂದರೆ ಗದ್ವಾಲ, ಧರೂರು, ನಾರಾಯಣಪೇಟೆ ಎಲ್ಲ ಕಡೆಯ ಹುಡುಗರಿಗೂ. ಮಗ್ಗ ಬಿಡುವಿಲ್ಲದೆ ಆಡುವಷ್ಟು ಕೆಲಸ. ಕಿಷ್ಟಮ್ಮ ಅಲ್ಲಿಂದ ನೇರ ತಮ್ಮನ ಮನೆಗೆ ಹೋದಳು.

"ಇದು ಬರೋತನಕ ಕುಣಿ ಮುಚ್ಚಬ್ಯಾಡ್ರಿ."

"ಬರಲಿಲ್ಲಂದ್ರ?" ಎಂದಳು ಶಂಕ್ರಮ್ಮ.

ಆಶಪ್ಪನೇ ಉತ್ತರ ಕೊಟ್ಟ: "ಬರಲಿಲ್ಲಂದ್ರ ನಾನ ಮಣ್ಣು ತುಂಬತೀನಿ. ನಿಮ್ಮಣ್ಣಗ ಹೇಳು."

ಟ್ಯಾಬು ಮೊಬೈಲಿನಂತಲ್ಲ. ಅಗಲ ಜಾಸ್ತಿ, ನಡುವಿನ ಹಾಳೆ ಬಾಗುತ್ತದೆ. ಕಿಷ್ಟಮ್ಮ ಹಾಳೆಯ ಬೆನ್ನಿಗೆ ಸೈಕಲ್ ಚಕ್ರದ ಕಡ್ಡಿಗಳನ್ನು ಸಾಲಾಗಿ ಹೊಲಿದಳು. ನಿಂತುಕೊಂಡೇ ಬರೆಯಲು ಆಗುವಂತೆ ಮುಚ್ಚಳವನ್ನು ಹಿಂದಕ್ಕೆ ಮಡಚಿ, ಎಡಗೈ ತೂರಿಸಲು ಒಂದು ಪಟ್ಟಿ ಕೊಟ್ಟಳು. ಮೇಲೆ ರೆಕ್ಸಿನ್, ಅಂಚಿಗೆ ತಮ್ಮನ ಉಣ್ಣೆಯ ತಡಿ. ಚೊಂಬುಗಟ್ಟಲೆ ನೀರು ಸುರಿದು ನೋಡಿದಳು, ಒಳಗೆ ಇಟ್ಟ ಕಾಗದ ಗರಿಗರಿಯಾಗಿಯೇ ಇತ್ತು.

ಸಾರ್ ಬಂದರು. ಬಾಲರಾಜ ಅಂತ ಹೆಸರು, ವರಂಗಲ್ ಕಡೆಯವರು, ಕನ್ನಡ ಒಂದಕ್ಷರ ಬಾರದು. ಒಳ್ಳೆಯ ಮನುಷ್ಯ, ಅವಸರದ ಮನುಷ್ಯ. ಜೀಪಿನಿಂದ ಇಳಿದವರೇ ಸಕ್ಕರೆ ಇಲ್ಲದ ಚಹಾ ಸಿಗುತ್ತದೆಯೇ ಎಂದು ಕೇಳಿದರು. ಕಿಷ್ಟಮ್ಮ ಚೀಲವನ್ನು ತಮ್ಮನ ಕೈಗೆ ಕೊಟ್ಟು, ತಾನೇ ನಿಂತು ಮಾಡಿಸಿಕೊಂಡು ಬರಲು ಹೋದಳು. ಚಹಾ ಹಿಡಿದು ತಿರುಗುವಷ್ಟರಲ್ಲಿ ಜೀಪು ಗದ್ವಾಲದ ಹಾದಿ ಹಿಡಿದಿತ್ತು.

ಆಶಪ್ಪನ ಮುಖ ಮಾತ್ರ ಅರಳಿತ್ತು.

"ಅಕ್ಕಾ, ಸಾರ್‌ಗೆ ನಮ್ಮ ಕಸುಬು ಗೊತ್ತೈತಿ! ಚೀಲದಾಗ ಹೆಬ್ಬಟ್ಟು ಹಾಕಿ ಒತ್ತಿ ನೋಡಿ, ಮೊದಲ ಅದನ್ನ ಕೇಳಿದ್ರು. 'ಇಂದುಲ ತಡಿ ಉಂಟದಾ?' ಅಂದ್ರು, ಇದರಾಗ ತಡಿ ಇರತೈತೇನು ಅಂತ."

"ತಡೀ ಅಂದ್ರಾ? ಅದ ಮಾತು?"

"ಅದ ಮಾತು! ನಾನೂ ಬಿಡಲಿಲ್ಲ. 'ಉಂಟದಿ ಸಾರ್, ಮಸ್ತು ಉಂಟದಿ' ಅಂದೆ. ಬಿಸಲಾಗ ಇಟ್ರೂ ಹೋಗಂಗಿಲ್ಲ, ಎಷ್ಟು ವರ್ಷಾದ್ರೂ ಇರತೈತಿ ಅಂದೆ. ನನ್ನ ಮುಖಾನ ನೋಡಿದ್ರು. ಸರೆ ಸರೆ ಅಂತ ಚೀಲ ತೊಗೊಂಡು ಹೋದ್ರು."

ಕಿಷ್ಟಮ್ಮನಿಗೂ ಹಿಗ್ಗು. ಕತ್ತೆ ದರ್ಜಿಯ ಮಾತು ಕಂಪನಿ ಸಾಹೇಬನ ಬಾಯಲ್ಲಿ ಬಂದಿತ್ತು. ಆರಿದ ಆ ಚಹಾವನ್ನು ಅಕ್ಕ ತಮ್ಮ ಹಂಚಿಕೊಂಡು ಕುಡಿದರು, ಸಕ್ಕರೆ ಇಲ್ಲವೆಂಬುದೂ ಇಬ್ಬರಿಗೂ ತಿಳಿಯಲಿಲ್ಲ. ಆಶಪ್ಪ ಮನೆಗೆ ಹೋಗಿ ಮಗ್ಗಕ್ಕೆ ಬೀರಪ್ಪನ ಭಂಡಾರ ಹಚ್ಚಿ, ಉದ್ದನೆಯ ಹಾಸುನೂಲು ಕಟ್ಟಿದ.

ಗದ್ವಾಲದಿಂದ ಸುದ್ದಿ ಬರಲಿಲ್ಲ. ಕಾದು ಕಾದು ಕಿಷ್ಟಮ್ಮ ಒಂದು ಮುಂಜಾನೆ ತಾನೇ ಬಸ್ಸು ಹತ್ತಿ, ಜುರಾಲಾ ಅಣೆಕಟ್ಟು ದಾಟಿ, ಆಫೀಸಿಗೆ ಹೋದಳು. ರಜಿನಿ ಅವಳನ್ನು ಹೊರಗೆ ಬೇವಿನ ನೆರಳಿಗೆ ಕರೆದುಕೊಂಡು ಬಂದಳು.

"ಯಕ್ಕಾ, ಹಂಗ್ಯಾಕ ಹೇಳಿದ್ರಿ? ಚೀಲದಾಗ ತಡಿ ಇರತೈತಿ ಅಂತ ನೀವ ಹೇಳಿದ್ರಂತ?"

"ಮತ್ತ ಇಲ್ಲೇನವ್ವಾ? ತಡೀನ ತಾನ ಅದರ ಜೀವ?"

ರಜಿನಿ ಹಣೆ ಬಡಿದುಕೊಂಡಳು.

"ಅಯ್ಯೋ ಯಕ್ಕಾ. ತೆಲುಗಿನ್ಯಾಗ ತಡಿ ಅಂದ್ರ ಹಸಿ! ಒದ್ದಿ! ಬೀಜದ ಕಂಪನಿಯವರು ಅವರು, ಹತ್ತಿ ಮುಟ್ಟಿದ್ರೂ ಅದನ್ನ ಕೇಳತಾರ, ಚೀಲ ಮುಟ್ಟಿದ್ರೂ ಅದನ್ನ ಕೇಳತಾರ. ಒಳಗ ಒದ್ದಿ ಆಗತೈತೇನು ಅಂತ ಕೇಳಿದ್ರ, ನಿಮ್ಮ ತಮ್ಮ ಆಗತೈತಿ, ಮಸ್ತು ಆಗತೈತಿ, ಬಿಸಲಾಗ ಇಟ್ರೂ ಹೋಗಂಗಿಲ್ಲ ಅಂದಾರ!"

ಆ ತೆಲುಗು ಮಾತು ಅಕ್ಕ ತಮ್ಮನಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಮಕ್ತಲಿನಲ್ಲಿ ಸಂತೆಗೆ ಒಂದು ಭಾಷೆ, ಮನೆಗೆ ಒಂದು ಭಾಷೆ. ತೊಯ್ದ ಸೀರೆ ಕೊಡವುತ್ತ ಕಿಷ್ಟಮ್ಮ ತಾನೇ ಎಷ್ಟು ಸಲ ತೆಲುಗಿನವರೊಡನೆ ತಡಿ ತಡಿ ಎಂದಿಲ್ಲ. ಆದರೆ ಆ ಚೀಲದ ಮುಂದೆ, ಆ ಉಣ್ಣೆಯ ಮೇಲೆ ಹೆಬ್ಬಟ್ಟು ಒತ್ತಿ ಒಬ್ಬರು ತಡಿ ಎಂದರೆ, ಆ ಮನೆಯಲ್ಲಿ ಹುಟ್ಟಿದವರ ಕಿವಿಗೆ ಬೇರೆ ತಡಿ ಕೇಳುವುದೇ ಇಲ್ಲ.

ಕಿಷ್ಟಮ್ಮ ಸಾರ್ ಮುಂದೆ ಹೋಗಿ ನಿಂತಳು. ತೆಲುಗಿನಲ್ಲಿ ಎಲ್ಲ ಬಿಡಿಸಿ ಹೇಳಿದಳು, ಕತ್ತೆಯಿಂದ ಹಿಡಿದು. ಬಾಲರಾಜ ಸಾರ್ ಬೈಯಲಿಲ್ಲ. ಕೇಳಿ ಕೇಳಿ ಜೋರಾಗಿ ನಕ್ಕರು, ಪಕ್ಕದ ಟೇಬಲಿನವರನ್ನು ಕರೆದು ಮತ್ತೊಮ್ಮೆ ಹೇಳಿಸಿದರು. ಅವರೂ ನಕ್ಕರು. ಒಬ್ಬ ಕಣ್ಣೊರೆಸಿಕೊಂಡ. ಆಮೇಲೆ ಸಾರ್ ಗೋಡೆಯ ಕಡೆ ಕೈ ತೋರಿಸಿದರು. ಹೈದರಾಬಾದಿನಿಂದ ಬಂದ ಕಪ್ಪು ಪ್ಲಾಸ್ಟಿಕ್ ಕೇಸುಗಳು ಪೆಟ್ಟಿಗೆ ಪೆಟ್ಟಿಗೆ ಒಟ್ಟಿದ್ದವು. ಏನು ಮಾಡೋದಮ್ಮ, ಬಂದುಬಿಟ್ಟವು, ನಿನ್ನ ತಮ್ಮನೇ ಹೇಳಿದನಲ್ಲ ಎಂದರು. ಅವಳ ಚೀಲವನ್ನು ವಾಪಸು ಕೊಟ್ಟು, ಈ ಸಲ ಚಹಾ ತಾವೇ ತರಿಸಿದರು. ಸಕ್ಕರೆ ಹಾಕಿತ್ತು. ಅವಳು ಲೋಟ ಅಲ್ಲೇ ಇಟ್ಟು ಎದ್ದಳು.

ಬಸ್ಸಿನಲ್ಲಿ ಕೂತು ಅವಳು ಯೋಚಿಸಿದ್ದು ಒಂದೇ. ಕೆಲಸ ಹೋಯಿತು, ಹೋಗಲಿ. ಹೋದದ್ದು ಅವನ ಬಾಯಿಂದಲೇ ಎಂಬುದು ಅವನಿಗೆ ತಿಳಿಯಬಾರದು.

"ಅವರಿಗೆ ಪ್ಯಾಟ್ಯಾಗ ಅಗ್ಗದ್ದು ಸಿಕ್ತಂತ," ಎಂದಳು ತಮ್ಮನ ಹೊಸ್ತಿಲಲ್ಲಿ.

"ನೇಯ್ಗಿ ತಪ್ಪಿತ್ತೇನಕ್ಕ?"

"ಇಲ್ಲೋ ತಮ್ಮಾ. ನೇಯ್ಗಿ ಚಲೋ ಐತಿ ಅಂದ್ರು."

"ತಡಿ ಬಗ್ಗೆ ಕೇಳಿದ ಮನಷಾ ಪ್ಲಾಸ್ಟಿಕ್ಕಿಗೆ ಹ್ಯಾಂಗ ಒಪ್ಪಿದ?"

ಕಿಷ್ಟಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ದೊಡ್ಡವರ ಮನಸು. ನಮಗೇನು ತಿಳೀತೈತಿ."

ಹೇಳಿದ ಮಾತಿನಂತೆ ಆಶಪ್ಪ ಹಾಸು ಬಿಚ್ಚಿ, ಮಗ್ಗದ ಕಟ್ಟಿಗೆ ಅಟ್ಟಕ್ಕೆ ಹಾಕಿ, ಕುಣಿಗೆ ತಾನೇ ಮಣ್ಣು ತುಂಬಿದ. ಅಷ್ಟು ದಿನ ಮುಚ್ಚು ಮುಚ್ಚು ಎನ್ನುತ್ತಿದ್ದ ಶಂಕ್ರಮ್ಮ ಆ ಹೊತ್ತು ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ತುಳಿದು ತುಳಿದು ಗಟ್ಟಿ ಮಾಡಿದರೂ ಆ ಜಾಗ ಸ್ವಲ್ಪ ತಗ್ಗಾಗಿಯೇ ಉಳಿಯಿತು.

ಅವನು ಹೊರಡುವ ದಿನಕ್ಕೆ ಕಿಷ್ಟಮ್ಮ ಆ ಟ್ಯಾಬಿನ ಚೀಲವನ್ನು ಬಿಚ್ಚಿ, ಅದೇ ರೆಕ್ಸಿನ್ನಿನಲ್ಲಿ, ಅವನೇ ನೇದ ಅದೇ ಉಣ್ಣೆಯಲ್ಲಿ, ಅವನ ಮೊಬೈಲಿಗೊಂದು ಚೀಲ ಹೊಲಿದಳು. ಬಸ್ ಸ್ಟ್ಯಾಂಡಿನಲ್ಲಿ ರೊಟ್ಟಿ ಗಂಟು ಕೊಟ್ಟಳು, ನೀರಿನ ಬಾಟ್ಲಿ ಕೊಟ್ಟಳು, ಬುದ್ಧಿ ಹೇಳಿದಳು. ಬಸ್ಸು ಅಲ್ಲಾಡಿದಾಗಲೇ ಚೀಲ ತನ್ನ ಯಂತ್ರದ ಮೇಲೆ ಉಳಿದದ್ದು ನೆನಪಾಯಿತು. ಓಡಿ ಹೋಗಿ ತಂದು ಬಸ್ಸಿನ ಹಿಂದೆ ಓಡಿದಳು.

"ಆಶಾ! ತಡಿ! ತಡಿ!"

ನಮ್ಮ ಕಡೆ ನಿಲ್ಲು ಅನ್ನುವುದಕ್ಕೂ ಅದೇ ಮಾತು. ಬಸ್ಸು ನಿಧಾನವಾಯಿತು. ಹೈದರಾಬಾದ್ ಕಡೆಯ ಕಂಡಕ್ಟರ್ ಬಾಗಿಲಿನಿಂದ ತಲೆ ಹೊರಗೆ ಹಾಕಿ ಕೂಗಿದ: "ತಡಿ ಏಡುಂದಮ್ಮಾ? ಸೀಟ್ಲನ್ನೀ ಪೊಡಿಗನೇ ಉನ್ನಯ್!"

ಒದ್ದೆ ಎಲ್ಲಿದೆಯಮ್ಮ, ಸೀಟೆಲ್ಲ ಒಣಗೇ ಇವೆಯಲ್ಲ ಎಂದು. ಎರಡೂ ಭಾಷೆ ಬಲ್ಲ ಬಸ್ಸು ಗೊಳ್ಳೆಂದಿತು. ಕಿಟಕಿಯಲ್ಲಿದ್ದ ಆಶಪ್ಪನೂ ನಕ್ಕ. ನಗುತ್ತಲೇ ಕೈ ಚಾಚಿ ಅಕ್ಕನಿಂದ ಚೀಲ ಇಸಿದುಕೊಂಡ. ನಗು ಅರ್ಧಕ್ಕೆ ನಿಂತಿತು.

ಅವನು ಚೀಲದೊಳಗೆ ಹೆಬ್ಬಟ್ಟು ಇಟ್ಟು ಒಮ್ಮೆ ಒತ್ತಿದ. ಆಮೇಲೆ ಅಕ್ಕನನ್ನು ನೋಡಿದ.

"ಅಕ್ಕಾ... ಆ ಸಾರ್ ಅವತ್ತು ಕೇಳಿದ್ದು..."

ಕಿಷ್ಟಮ್ಮ ಅಲ್ಲ ಎನ್ನಲು ಬಾಯಿ ತೆರೆದಳು. ಆದರೆ ಅವಳ ಮುಖ ಆಗಲೇ ಹೌದು ಎಂದುಬಿಟ್ಟಿತ್ತು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೋಯಿತು.

ಆಶಪ್ಪ ಹಬ್ಬಕ್ಕೆ ಬರುತ್ತಾನೆ, ಹೋಗುತ್ತಾನೆ. ಆ ಮಾತನ್ನು ಇಬ್ಬರೂ ಎತ್ತಿಲ್ಲ. ಮೊಬೈಲನ್ನು ಅವನು ಬರಿಗೈಯಲ್ಲಿ ಹಿಡಿದಿರುತ್ತಾನೆ, ಚೀಲ ಎಲ್ಲಿ ಎಂದು ಅವಳು ಕೇಳಿಲ್ಲ. ಕಿಷ್ಟಮ್ಮ ಈಗಲೂ ಅದೇ ಗೋಡೆಯ ಮಗ್ಗುಲಲ್ಲಿ ಕುರಿಗಾರರಿಗೆ ಚೀಲ ಹೊಲಿಯುತ್ತಾಳೆ, ಮುಳ್ಳಿನ ಮೇಲಿನ ಉಣ್ಣೆ ಆರಿಸಿ ತಂದು ಕೈಯಲ್ಲೇ ಹದ ಮಾಡಿ ತುಂಬುತ್ತಾಳೆ. ಕೊಳ್ಳುವವರು ಒತ್ತಿ ನೋಡಿ, ಒಳಗೇನೈತಿ ಯಕ್ಕಾ, ಇಷ್ಟು ಮೆತ್ತಗ ಐತಲ್ಲ ಎಂದು ಕೇಳುತ್ತಾರೆ.

"ಸ್ಪಂಜು," ಎನ್ನುತ್ತಾಳೆ.