ಎರಡು ತೂತಿನ ಕಾಗದ

ಏರ್ ರೈಫಲ್ಲೆಂದರೆ ಮಾವಿನ ತೋಪಿನಲ್ಲಿ ಕೋತಿ ಓಡಿಸುವ ಸಾಮಾನೆಂದು ನಮ್ಮೂರು ನಂಬಿದ್ದ ದಿನಗಳವು. ಎಂಟನೇ ಕ್ಲಾಸಿನ ಬೇಸಿಗೆ ರಜೆ. ನಾನು ದಿನಾ ಕ್ಯಾಸಂಬಳ್ಳಿಯಿಂದ ಬಸ್ಸು ಹಿಡಿದು ಕೋರಮಂಡಲ್‌ಗೆ ಹೋಗುತ್ತಿದ್ದೆ. ಅಲ್ಲಿಯ ಚಿನ್ನದ ಗಣಿ ಮುಚ್ಚಿದ ಮೇಲೆ ಖಾಲಿ ಬಿದ್ದಿದ್ದ ತಗಡಿನ ಶೆಡ್ಡೊಂದರಲ್ಲಿ ರಿಟೈರಾದ ಡ್ರಿಲ್ ಮೇಷ್ಟ್ರೊಬ್ಬರು ಶೂಟಿಂಗ್ ಕಲಿಸುತ್ತಿದ್ದರು.

"ಬಂದೂಕ ಇಡ್ಕೊಂಡು ಯಾರ್ನ ಒಡೀತೀಯಲೇ?" ಅಂದಳು ಅಮ್ಮ, ಅಂಬಲಿ ಲೋಟ ಕೈಗಿಡುತ್ತಾ.

"ಕಾಗ್ದಾನ."

"ಅದ್ಕೆ ಅಷ್ಟ್ ದೂರ ಓಗ್ಬೇಕಾ? ಮನೇಲೇ ಅರ್ದಾಕು."

ಶೆಡ್ಡಿನ ತುಂಬ ಕಾದ ತಗಡು, ಎಣ್ಣೆ, ಸೀಸದ ವಾಸನೆ. ಹತ್ತು ಮೀಟರ್ ಆಚೆ ಗುರಿಯ ಕಾಗದ. ಅದರ ನಡುವಿನ ಹತ್ತು ಅಂಕದ ಚುಕ್ಕೆ ರಾಗಿ ಕಾಳಿಗಿಂತ ಸಣ್ಣದು; ಸುತ್ತಲ ಬಳೆಗಳಿಗೆ ಒಂಬತ್ತು, ಎಂಟು ಎಂದು ಇಳಿಯುವ ಅಂಕ. ನನಗೋ ಎಲ್ಲ ಗೊತ್ತಾಗಬೇಕು. ಎದೆ ಬಡಿದರೆ ಬಂದೂಕಿನ ಮೂತಿ ಯಾಕೆ ಕುಣಿಯುತ್ತೆ? ಹಾಲು ಕರೆದು ಬಂದ ದಿನ ಬೆರಳು ಯಾಕೆ ನಡುಗುತ್ತೆ? ಮೇಷ್ಟ್ರು ತಲೆ ಚಚ್ಚಿಕೊಳ್ಳುತ್ತಿದ್ದರು. ಪಕ್ಕದ ಜಾಗದಲ್ಲಿ ನಿಲ್ಲುತ್ತಿದ್ದ ಕೋರಮಂಡಲ್‌ನ ಸೆಲ್ವಿ ಏನೂ ಕೇಳದೆ ಹತ್ತರ ಮೇಲೆ ಹತ್ತು ಹೊಡೆಯುತ್ತಿದ್ದಳು. ಮಧ್ಯಾಹ್ನ ಅವಳ ಪುಳಿಯೋಗರೆಯಲ್ಲಿ ಅರ್ಧ ನನ್ನದೇ.

ರಜೆಯ ಕೊನೆಗೆ ನಮ್ಮಿಬ್ಬರಲ್ಲಿ ಒಬ್ಬಳನ್ನು ಬೆಂಗಳೂರಿನ ಪಂದ್ಯಕ್ಕೆ ಆರಿಸುವುದೆಂದಾಯಿತು. ಆ ಆಸೆಯಲ್ಲಿ ನನಗೆ ಅನ್ನ ಸೇರುತ್ತಿರಲಿಲ್ಲ. ಆಯ್ಕೆಯ ಬೆಳಿಗ್ಗೆ ತಲೆಗೊಂದು ಹುಳ ಹೊಕ್ಕಿತು: ಸೆಲ್ವಿಯ ಗುರಿ ಅವಳ ಕೈಯಲ್ಲಿದೆಯೋ, ಅವಳು ನಿಲ್ಲುವ ಜಾಗದಲ್ಲೋ?

"ಇವತ್ ಜಾಗ ಬದ್ಲಾಯ್ಸ್ಕೊಳಾಣ ಕಣೇ. ಏನಾಗ್ತದೋ ನೋಡಾಣ."

"ನಿಂಗ್ ಬೇರೆ ಕೆಲ್ಸ ಇಲ್ಲ ಡೀ," ಎಂದು ನಕ್ಕು ಜಾಗ ಬಿಟ್ಟುಕೊಟ್ಟಳು.

ಪ್ರತಿ ಗುಂಡಿಗೂ ಒಂದು ಹೊಸ ಕಾಗದ. ಕೊನೆಯ ಗುಂಡಿನ ಹೊತ್ತಿಗೆ ಅವಳು ಎರಡು ಅಂಕ ಮುಂದಿದ್ದಳು. ಇಬ್ಬರೂ ಹೊಡೆದೆವು. ಮೇಷ್ಟ್ರು ಚಕ್ರ ತಿರುಗಿಸಿ, ದಾರಕ್ಕೆ ಸಿಕ್ಕಿಸಿದ್ದ ನನ್ನ ಕಾಗದ ಎಳೆದರು. ಅದರಲ್ಲಿ ಎರಡು ತೂತು: ಒಂದು ಎಂಟಕ್ಕೆ, ಒಂದು ಹತ್ತಕ್ಕೆ. ಸೆಲ್ವಿಯ ಕಣ್ಣು ಅಭ್ಯಾಸಬಲದಿಂದ ತನ್ನ ಹಳೆಯ ಜಾಗದ ಕಾಗದಕ್ಕೇ ಹೋಗಿ, ಗುಂಡೂ ಅಲ್ಲೇ ಬಿದ್ದಿತ್ತು.

"ಯಾವ್ದಮ್ಮಾ ನಿಂದು?" ಎಂದರು ಮೇಷ್ಟ್ರು.

ಬಂದೂಕಿನ ಕುದುರೆ ಎಳೆಯುವಾಗ ನನ್ನ ಬೆರಳು ಜಗ್ಗಿದ್ದು, ಎಂಟರದ್ದೇ ನನ್ನ ತೂತೆಂಬುದು ನನಗೆ ಗೊತ್ತಿತ್ತು. "ಹತ್ತು ಸಾರ್," ಅಂದೆ.

ಆಮೇಲೆ ಅವರು ನಿಯಮ ಹೇಳಿದರು. ಇನ್ನೊಬ್ಬರ ಕಾಗದಕ್ಕೆ ಹೊಡೆದವರಿಗೆ ಸೊನ್ನೆ, ಅದು ಎಲ್ಲೇ ಬಿದ್ದಿರಲಿ. ಬೆಂಗಳೂರಿಗೆ ನಾನು.

ಬಸ್ ಸ್ಟಾಪಿನ ತನಕ ಸೆಲ್ವಿ ಜೊತೆಗೇ ಬಂದಳು. "ನಂಗ್ ಹೆಂಗೂ ಸೊನ್ನೆನೇ ಡೀ," ಅಂದಳು. "ಆದ್ರೂ ಕಡೇ ಗುಂಡು ಹತ್ತು ಹೊಡ್ದೆ ಅಂತ ಮನೇಲಿ ಹೇಳ್ಬೋದಿತ್ತು. ಅದೂ ನಿಂಗೇ ಬೇಕಿತ್ತಾ?" ನಾನು ಬಸ್ಸು ಹತ್ತಿ, ಅವಳು ಕಾಣದ ಆಚೆ ಬದಿಯ ಸೀಟಿನಲ್ಲಿ ಕೂತೆ. ಮಾರನೇ ದಿನದಿಂದ ಅವಳು ಶೆಡ್ಡಿಗೆ ಬರಲಿಲ್ಲ.

ಈಗ ಬಂಗಾರಪೇಟೆಯಲ್ಲಿ ನಾನೇ ಮಕ್ಕಳಿಗೆ ಕಲಿಸುತ್ತೇನೆ. ಯಾರ ಗುಂಡು ಎಲ್ಲಿ ಬಿತ್ತೆಂದು ಎಲೆಕ್ಟ್ರಾನಿಕ್ ಪರದೆಯೇ ಹೇಳಿಬಿಡುತ್ತದೆ, ಮಕ್ಕಳನ್ನು ಯಾರೂ ಕೇಳುವುದಿಲ್ಲ. ನನ್ನನ್ನು ಕೇಳಿದ್ದರು. ಎಂಟು ಅಂದಿದ್ದರೂ ನಾನೇ ಗೆಲ್ಲುತ್ತಿದ್ದೆ, ಸೆಲ್ವಿಯೂ ಉಳಿಯುತ್ತಿದ್ದಳು.