ಹಸಿ ಟಾರು, ಒಣ ಹುರುಳಿ

ಸ್ನೇಹಿತರೇ, ಜಾಲಿಮುಳ್ಳು ಹಾಕಿದರೆ ಟಾರು ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಾನು ರಸ್ತೆ ಮೇಸ್ತ್ರಿ, ಅನುಭವದ ಮಾತು. ಇವತ್ತು ಬೆಳಿಗ್ಗೆ ಗುಬ್ಬಿ–ತುಮಕೂರು ರಸ್ತೆಯ ದೊಡ್ಡ ಗುಂಡಿಗೆ ನನ್ನ ಗ್ಯಾಂಗು ಜಲ್ಲಿ ತುಂಬಿ, ಬಿಸಿ ಟಾರು ಸುರಿದು, ಎತ್ತಿನ ಗಾಡಿಗಳ ಗಾಲಿಯ ಕಬ್ಬಿಣದ ಪಟ್ಟಿ ಹತ್ತದಿರಲೆಂದು ಮೇಲೆ ಮುಳ್ಳು ಹಾಕಿತು. ಊಟ ಮುಗಿಸಿ ಬಂದರೆ ಮುಳ್ಳು ಚರಂಡಿಯಲ್ಲಿ, ಟಾರಿನ ಮೇಲೆ ಪಕ್ಕದ ಹೊಲದ ಪುಟ್ಟಮ್ಮ ಕಿತ್ತು ತಂದು ಹರಡಿದ ಒಣ ಹುರುಳಿ ಗಿಡ. ಬಸ್ಸು ಲಾರಿಗಳ ಚಕ್ರಕ್ಕೆ ಕೊಟ್ಟು ಕಾಳು ಬಿಡಿಸುವುದು ಇಲ್ಲಿನವರ ರೂಢಿ.

"ಏನಮ್ಮಾ ಇದು? ಟಾರು ಇನ್ನೂ ಹಸಿ!" ಎಂದೆ.

"ಗುಂಡಿ ಇದ್ದಾಗ ಕಾಳೆಲ್ಲಾ ಕಲ್ಲಿಗ್ ಬೆರೀತಿತ್ತು ಕಣಪ್ಪ. ನೀವ್ ನುಣ್ಣಗ್ ಮಾಡ್ಲಿ ಅಂತ್ಲೇ ಕಾಯ್ತಿದ್ದೆ."

ಅಷ್ಟರಲ್ಲಿ ತುಮಕೂರಿನ ಬಸ್ಸು ಹಾದುಹೋಯಿತು. ಹುರುಳಿ ಟಾರಿನೊಳಗೆ ಚೆನ್ನಾಗಿ ಕೂತಿತು.

ಪುಟ್ಟಮ್ಮ ಕುಡುಗೋಲು ತಂದು ಟಾರು, ಜಲ್ಲಿ ಸಮೇತ ಹುರುಳಿಯನ್ನು ಕೆರೆದು ತೆಗೆಯತೊಡಗಿದಳು. "ಬಿಡಮ್ಮಾ, ಸಂಜೆ ಓವರ್‌ಸಿಯರ್ ನೋಡಕ್ಕೆ ಬರ್ತಾರೆ" ಎಂದು ಬೇಡಿಕೊಂಡೆ.

"ನಿಮ್ ಟಾರು ನೀವ್ ಇಟ್ಕಳಿ, ನನ್ ಹುರುಳಿ ನಂಗ್ ಬುಡಿ."

ಸಂಜೆ ಬಂದ ಓವರ್‌ಸಿಯರ್, ಮೊದಲಿಗಿಂತ ಅಗಲವಾಗಿದ್ದ ಗುಂಡಿ ನೋಡಿ, "ಇನ್ನೂ ಶುರುವೇ ಮಾಡಿಲ್ವೇನ್ರಿ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಪುಟ್ಟಮ್ಮ ಹೇಳಿದಳು: "ನಾಳೆಗಾದ್ರೂ ಬಿರ್‌ನೆ ಮುಚ್ಸಿ ಸ್ವಾಮಿ. ಇನ್ನೂ ಅರ್ಧ ಹುರುಳಿ ಮನೇಲೇ ಐತೆ."